ಸಾಕಿದ ಪ್ರಾಣಿ ಸತ್ತಾಗ ಮಗುವಿಗೆ ಏನು ಹೇಳಬೇಕು, ಏನು ಮಾಡಬೇಕು

"ನಾಯಿ ಬೆಳಿಗ್ಗೆ ಸತ್ತೋಯ್ತು. ಮಗು ಇನ್ನೂ ಸ್ಕೂಲಿಂದ ಬಂದಿಲ್ಲ. ಬಂದ್ಮೇಲೆ ಏನಂತ ಹೇಳೋದು?" ತುಮಕೂರಿನ ಅಪ್ಪ ಅಮ್ಮಂದಿರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಹೆದ್ದಾರಿ ಬದಿಯ ಮನೆಗಳಲ್ಲಿ ಲಾರಿಗೆ ಸಿಕ್ಕ ನಾಯಿ, ಬಾಡಿಗೆ ಮನೆಯಲ್ಲಿ ಮಕ್ಕಳ ಮಗ್ಗುಲಲ್ಲೇ ಮಲಗುತ್ತಿದ್ದ ಬೆಕ್ಕು, ಕೋಲಾರ ಚಿಂತಾಮಣಿ ಕಡೆ ಮಗುವೇ ಬಾಟಲಿ ಹಾಲು ಕುಡಿಸಿ ಬೆಳೆಸಿದ ಕರು ಅಥವಾ ಮೇಕೆಮರಿ. ಪ್ರಾಣಿ ಯಾವುದಾದರೂ ಪ್ರಶ್ನೆ ಒಂದೇ. ಬಹಳಷ್ಟು ಮಕ್ಕಳು ಸಾವನ್ನು ಮೊದಲು ಹತ್ತಿರದಿಂದ ನೋಡುವುದು ಹೀಗೆಯೇ. ಮುಂದೆ ತಾತನೋ ಅಜ್ಜಿಯೋ ಹೋದಾಗ ಆ ಮಗು ನಿಮ್ಮ ಮಾತನ್ನು ಎಷ್ಟು ನಂಬುತ್ತದೆ ಎನ್ನುವುದು ಈಗ ನೀವು ಏನು ಹೇಳುತ್ತೀರಿ ಎನ್ನುವುದರ ಮೇಲೆ ನಿಂತಿದೆ.

ನಾನು ಮುಖ್ಯವಾಗಿ ಕೇಳಿಕೊಳ್ಳುವುದು ಎರಡೇ: ಮಗುವಿಗೆ ನಿಜ ಹೇಳಿ, ಮಗುವಿನ ಕೈಗೆ ಒಂದು ಕೆಲಸ ಕೊಡಿ. ಕೆಳಗಿನ ಹಂತಗಳನ್ನು ಪ್ರಾಣಿ ಸತ್ತ ಗಳಿಗೆಯಿಂದ ಬರೆದಿದ್ದೇನೆ. ನಿಮ್ಮ ಮನೆಯಲ್ಲಿ ಆಗಲೇ ಎರಡು ಮೂರು ದಿನ ಕಳೆದಿದ್ದರೂ ಮೊದಲನೇ ಹಂತವನ್ನು ಬಿಟ್ಟು ಮುಂದೆ ಹೋಗಬೇಡಿ.

1. ಹೇಗೆ ಸತ್ತಿತು ಎಂದು ಮೊದಲು ನೋಡಿ

ಮಗು ಓಡಿ ಬಂದು ತಬ್ಬಿಕೊಳ್ಳುವ ಮೊದಲು ದೊಡ್ಡವರು ಮಾಡಬೇಕಾದ ಕೆಲಸ ಇದು. ಅಪಘಾತದಿಂದಲೋ ಮುಪ್ಪಿನಿಂದಲೋ ಸತ್ತಿದ್ದರೆ ಗಾಯ, ರಕ್ತ ಇದ್ದ ಕಡೆ ಬಟ್ಟೆ ಹೊದಿಸಿ. ಮಗು ತಲೆ ಸವರಿದರೆ ತೊಂದರೆಯಿಲ್ಲ, ಆಮೇಲೆ ಸೋಪಿನಲ್ಲಿ ಕೈ ತೊಳೆಸಿ.

ಆದರೆ ಸಾಯುವ ಮೊದಲಿನ ಕೆಲವು ದಿನಗಳಲ್ಲಿ ನಾಯಿಯೋ ಬೆಕ್ಕೋ ವಿಚಿತ್ರವಾಗಿ ಆಡುತ್ತಿತ್ತೇ? ಜೊಲ್ಲು ಸುರಿಸುತ್ತಿತ್ತೇ, ಸುಮ್ಮಸುಮ್ಮನೆ ಕಚ್ಚಲು ಬರುತ್ತಿತ್ತೇ, ದವಡೆ ಜೋತುಬಿದ್ದು ನುಂಗಲಾಗದೆ ಒದ್ದಾಡುತ್ತಿತ್ತೇ? ಹಾಗಿದ್ದರೆ ರೇಬಿಸ್, ಅಂದರೆ ಹುಚ್ಚುನಾಯಿ ರೋಗ, ಎಂದೇ ತಿಳಿದು ನಡೆದುಕೊಳ್ಳಿ. ಮಗುವಿಗೆ ಅದು ಕಚ್ಚಿತ್ತೇ, ಪರಚಿತ್ತೇ, ಗಾಯದ ಮೇಲೆ ಅಥವಾ ಬಾಯಿ ಕಣ್ಣಿನ ಹತ್ತಿರ ನೆಕ್ಕಿತ್ತೇ ಎಂದು ಗದರದೆ ಕೇಳಿ. ಗದರಿದರೆ ಮಕ್ಕಳು ಮುಚ್ಚಿಡುತ್ತಾರೆ. ಹೌದು ಎಂದರೆ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಿರಿ. ಲಸಿಕೆ ಅಲ್ಲಿ ಉಚಿತ. ವೈದ್ಯರು ಬರೆದುಕೊಟ್ಟ ಅಷ್ಟೂ ದಿನ ಹೋಗಬೇಕು, ಎರಡು ಸೂಜಿ ಹಾಕಿಸಿ ಬಿಡಬಾರದು. ಅರಿಶಿನ, ಸುಣ್ಣ, ಮೆಣಸಿನಪುಡಿ ಹಚ್ಚಬೇಡಿ. ರೋಗಲಕ್ಷಣ ಕಾಣಿಸಿಕೊಂಡ ಮೇಲೆ ರೇಬಿಸ್‌ನಿಂದ ಬದುಕುವುದು ಇಲ್ಲವೆನ್ನುವಷ್ಟು ಅಪರೂಪ. ಹಾಗಾಗಿ ಇಲ್ಲಿ "ನಾಳೆ ನೋಡೋಣ" ಎನ್ನುವ ಮಾತೇ ಬೇಡ.

ದನ, ಕುರಿ, ಮೇಕೆ ಇದ್ದಕ್ಕಿದ್ದಂತೆ ಸತ್ತು ಮೂಗು, ಗುದದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಬರುತ್ತಿದ್ದರೆ ಅದು ಆಂಥ್ರಾಕ್ಸ್, ನಮ್ಮ ಕಡೆ ನೆರಡಿ ರೋಗ ಎನ್ನುತ್ತಾರಲ್ಲ, ಅದೇ ಇರಬಹುದು. ಮುಟ್ಟಬೇಡಿ, ಕೊಯ್ಯಬೇಡಿ, ಮಕ್ಕಳನ್ನು ದೂರವಿಟ್ಟು ಪಶು ಆಸ್ಪತ್ರೆಗೆ ತಿಳಿಸಿ. ಪಶುಪಾಲನಾ ಇಲಾಖೆಯ ಸಹಾಯವಾಣಿ 1962.

ಹಸುವಿಗೆ ವಿಮೆ ಮಾಡಿಸಿದ್ದರೆ ಇನ್ನೊಂದು ಮಾತು. ಪರಿಹಾರಕ್ಕೆ ಪಶುವೈದ್ಯರ ಮರಣೋತ್ತರ ಪರೀಕ್ಷೆಯ ವರದಿ, ಕಿವಿಯ ಓಲೆ ಎರಡೂ ಬೇಕಾಗುತ್ತವೆ. ಪರೀಕ್ಷೆ ಎಂದರೆ ದೇಹವನ್ನು ಕೊಯ್ದು ನೋಡುವುದು. ಅಷ್ಟು ಹೊತ್ತು ಮಗುವನ್ನು ಪಕ್ಕದ ಮನೆಯಲ್ಲಿ ಬಿಡಿ. ಯಾಕೆ ಬಿಡುತ್ತಿದ್ದೀರಿ ಎಂದು ಮಾತ್ರ ಹೇಳಿ: "ಡಾಕ್ಟರು ಗೌರಿ ಯಾಕೆ ಸತ್ತಳು ಅಂತ ನೋಡ್ತಾರೆ. ಅದು ಮುಗಿದ ಮೇಲೆ ನಾನೇ ಬಂದು ಕರ್ಕೊಂಡು ಹೋಗ್ತೀನಿ."

2. ನಿಜ ಹೇಳಿ, ಕಡಿಮೆ ಮಾತಿನಲ್ಲಿ ಹೇಳಿ

ಹೇಳಬೇಕಾದವರು ಮಗುವಿಗೆ ಅತಿ ಹತ್ತಿರದವರು. ಅಮ್ಮನೋ ಅಪ್ಪನೋ ಅಜ್ಜಿಯೋ, ಯಾರ ಮಡಿಲಿಗೆ ಮಗು ತಾನಾಗಿ ಹೋಗುತ್ತದೋ ಅವರು. ಶಾಲೆಯ ಗೇಟಿನಲ್ಲಿ, ಆಟೋದಲ್ಲಿ, ನಾಲ್ಕು ಜನರ ಎದುರಿಗೆ ಬೇಡ. ಮನೆಗೆ ಬಂದು, ಬ್ಯಾಗು ಇಳಿಸಿ, ನೀರು ಕುಡಿದ ಮೇಲೆ ಪಕ್ಕದಲ್ಲಿ ಕೂರಿಸಿಕೊಂಡು ಹೇಳಿ. ಅಷ್ಟರೊಳಗೆ ಬೀದಿಯ ಮಕ್ಕಳು ಹೇಳಿಬಿಡುತ್ತಾರೆ ಎನ್ನುವ ಭಯವಿದ್ದರೆ ನೀವೇ ಬೀದಿ ತುದಿಗೆ ಹೋಗಿ ಕರೆತನ್ನಿ.

ಮಾತು ಹೀಗಿರಲಿ: "ಪುಟ್ಟಾ, ಒಂದು ಬೇಜಾರಿನ ವಿಷಯ ಹೇಳ್ಬೇಕು. ಕರಿಯ ಇವತ್ತು ಬೆಳಿಗ್ಗೆ ಸತ್ತುಹೋಯ್ತು. ರಸ್ತೆ ದಾಟೋವಾಗ ಗಾಡಿ ಗುದ್ದಿತು. ಈಗ ಅದಕ್ಕೆ ಉಸಿರಿಲ್ಲ, ನೋವೂ ಇಲ್ಲ. ಅದು ವಾಪಸ್ ಬರಲ್ಲ." ಇಷ್ಟು ಹೇಳಿ ಸುಮ್ಮನಾಗಿ. ಮಗು ಅಳಬಹುದು, ಸಿಟ್ಟಾಗಬಹುದು, "ಸರಿ, ನಾನು ಆಡಕ್ಕೆ ಹೋಗ್ಲಾ?" ಎಂದು ಎದ್ದು ಹೋಗಲೂಬಹುದು. ಮೂರೂ ಸಹಜ. ಆಡಲು ಹೋದ ಮಗುವಿಗೆ "ನಿನಗೆ ಒಂಚೂರೂ ಬೇಜಾರಿಲ್ವಾ?" ಎನ್ನಬೇಡಿ. ಮಕ್ಕಳು ದುಃಖವನ್ನು ಒಂದೇ ಸಲಕ್ಕೆ ಹೊರಲಾರರು. ಸ್ವಲ್ಪ ಹೊತ್ತು ಅಳುತ್ತಾರೆ, ಆಡುತ್ತಾರೆ, ರಾತ್ರಿ ಊಟದ ಹೊತ್ತಿಗೆ ಮತ್ತೆ ಅಳುತ್ತಾರೆ.

ಹಿರಿಯರು ಒಳ್ಳೆಯ ಮನಸ್ಸಿನಿಂದಲೇ ಹೇಳುವ ಕೆಲವು ಮಾತುಗಳು ಮಗುವಿಗೆ ತೊಂದರೆ ಕೊಡುತ್ತವೆ. "ಮಲಗಿದೆ" ಎಂದರೆ ಚಿಕ್ಕ ಮಗು ರಾತ್ರಿ ತಾನು ಮಲಗಲು ಹೆದರುತ್ತದೆ. "ದೇವರಿಗೆ ಇಷ್ಟವಾಯ್ತು, ಕರ್ಕೊಂಡ" ಎಂದರೆ ದೇವರ ಮೇಲೆ ಸಿಟ್ಟು ಬರುತ್ತದೆ, ನಾಳೆ ಅಮ್ಮನೂ ದೇವರಿಗೆ ಇಷ್ಟವಾದರೆ ಎನ್ನುವ ದಿಗಿಲೂ ಹುಟ್ಟುತ್ತದೆ. ನಿಮ್ಮ ಮನೆಯ ನಂಬಿಕೆಯಂತೆ ದೇವರ ಮಾತು ಬರುವುದರಲ್ಲಿ ತಪ್ಪಿಲ್ಲ, ಆದರೆ "ಸತ್ತಿದೆ, ಮತ್ತೆ ಬರುವುದಿಲ್ಲ" ಎಂದ ಮೇಲೆ ಬರಲಿ. ಎಲ್ಲಕ್ಕಿಂತ ಹೆಚ್ಚು ಕೆಡಿಸುವುದು "ತಾತನ ತೋಟಕ್ಕೆ ಕಳಿಸಿದ್ದೀವಿ" ಎನ್ನುವ ಸುಳ್ಳು. ಮುಂದಿನ ರಜೆಗೆ ಮಗು ಆ ತೋಟಕ್ಕೆ ಹೋಗಿ ಹುಡುಕುತ್ತದೆ. ಅಲ್ಲಿ ಇಲ್ಲ ಎಂದಾಗ ನಾಯಿಯ ಜೊತೆಗೆ ನಿಮ್ಮ ಮೇಲಿನ ನಂಬಿಕೆಯೂ ಹೋಗುತ್ತದೆ.

ಮನೆಯಲ್ಲಿ ಎಲ್ಲರೂ ಒಂದೇ ಮಾತು ಹೇಳಬೇಕು. ಅಪ್ಪ ಸತ್ತಿದೆ ಎಂದು, ಅಜ್ಜಿ ಊರಿಗೆ ಹೋಗಿದೆ ಎಂದು ಹೇಳಿದರೆ ಮಗು ಅಜ್ಜಿಯ ಮಾತನ್ನು ಹಿಡಿದುಕೊಂಡು ಬಾಗಿಲಲ್ಲಿ ಕಾಯುತ್ತದೆ. ಮಗು ಬರುವ ಮೊದಲೇ ಅಜ್ಜಿ ತಾತನನ್ನು ಕೂರಿಸಿಕೊಂಡು ಮಾತಾಡಿಕೊಳ್ಳಿ.

3. ಪ್ರಶ್ನೆಗಳಿಗೆ ವಯಸ್ಸು ನೋಡಿ ಉತ್ತರ ಕೊಡಿ

ಐದು ವರ್ಷದೊಳಗಿನ ಮಗುವಿಗೆ ಸಾವು ಎಂದರೆ ಮರಳಿ ಬಾರದ್ದು ಎಂದು ಗೊತ್ತಿರುವುದಿಲ್ಲ. "ಸರಿ, ನಾಳೆ ಬರುತ್ತಾ?" ಎಂದು ದಿನವೂ ಕೇಳುತ್ತದೆ. ದಿನವೂ ಅದೇ ಉತ್ತರವನ್ನು ಬೇಸರಿಸದೆ ಕೊಡಿ. "ಮಣ್ಣಲ್ಲಿ ಅದಕ್ಕೆ ಚಳಿ ಆಗಲ್ವಾ? ಹಸಿವಾಗಲ್ವಾ?" ಎಂದೂ ಕೇಳುತ್ತದೆ. "ಸತ್ತ ಮೇಲೆ ಚಳಿ, ಹಸಿವು, ನೋವು ಯಾವುದೂ ಗೊತ್ತಾಗಲ್ಲ ಕಂದ" ಎಂದರೆ ಸಾಕು.

ಐದರಿಂದ ಒಂಬತ್ತರ ಮಕ್ಕಳಿಗೆ ಸಾವು ಖಚಿತ ಎಂದು ನಿಧಾನವಾಗಿ ತಿಳಿಯುತ್ತಿರುತ್ತದೆ. ಆದರೆ ತಮ್ಮ ಯೋಚನೆಯಿಂದಲೋ ಬಯಕೆಯಿಂದಲೋ ಸಾವು ಬಂತು ಎಂದು ನಂಬುವ ವಯಸ್ಸೂ ಇದೇ. "ನೀನೂ ಸಾಯ್ತೀಯಾ ಅಮ್ಮ?" ಎನ್ನುವ ಪ್ರಶ್ನೆ ಬಂದರೆ "ನಾನ್ಯಾಕೆ ಸಾಯ್ಲಿ, ಹಾಗೆಲ್ಲ ಮಾತಾಡ್ಬಾರ್ದು" ಎಂದು ಬಾಯಿ ಮುಚ್ಚಿಸಬೇಡಿ. "ಎಲ್ಲರೂ ಒಂದು ದಿನ ಸಾಯ್ತಾರೆ. ನಾನು ಗಟ್ಟಿಮುಟ್ಟಾಗಿದ್ದೀನಿ, ನೀನು ದೊಡ್ಡವನಾಗೋವರೆಗೂ ಜೊತೆಗಿರ್ಬೇಕು ಅಂತಾನೇ ಆರೋಗ್ಯ ನೋಡ್ಕೋತೀನಿ" ಎನ್ನಿ.

ಹತ್ತು ದಾಟಿದವರಿಗೆ ಎಲ್ಲವೂ ಗೊತ್ತು. ಅವರ ಕಷ್ಟ ಬೇರೆ: ಅಳುವುದಕ್ಕೆ ನಾಚಿಕೆ. ಅದರಲ್ಲೂ ಗಂಡುಮಕ್ಕಳಿಗೆ "ಇಷ್ಟು ದೊಡ್ಡವನಾಗಿ ನಾಯಿಗೆ ಅಳ್ತೀಯಾ" ಎನ್ನುವ ಮಾತು ಯಾರ ಬಾಯಿಂದಲೂ ಬರದಂತೆ ನೋಡಿಕೊಳ್ಳಿ. ಅಪ್ಪನಾದವನು ತಾನೂ ಅತ್ತರೆ ಮಗನಿಗೆ ಅದಕ್ಕಿಂತ ದೊಡ್ಡ ಸಮಾಧಾನವಿಲ್ಲ.

4. ಮಣ್ಣು ಮಾಡುವಾಗ ಜೊತೆಗಿರಿಸಿಕೊಳ್ಳಿ

ಮಗುವನ್ನು ಕೇಳಿ: "ಕೊನೇ ಸಲ ನೋಡ್ತೀಯಾ? ಮಣ್ಣು ಮಾಡೋವಾಗ ಬರ್ತೀಯಾ?" ಬರುತ್ತೇನೆ ಎಂದರೆ ಏನು ಕಾಣಿಸುತ್ತದೆ ಎಂದು ಮೊದಲೇ ಹೇಳಿ: ಮೈ ತಣ್ಣಗಿರುತ್ತದೆ, ಗಟ್ಟಿಯಾಗಿರುತ್ತದೆ, ಕಣ್ಣು ಅರ್ಧ ತೆರೆದಿರಬಹುದು. ಬೇಡ ಎಂದರೆ ಎಳೆಯಬೇಡಿ. ಜಜ್ಜಿಹೋದ ದೇಹವನ್ನು ತೋರಿಸುವುದು ಬೇಡ. ಬಟ್ಟೆಯಲ್ಲಿ ಸುತ್ತಿ ಬಾಲವನ್ನೋ ಕಾಲನ್ನೋ ಮಾತ್ರ ಮುಟ್ಟಲು ಬಿಡಬಹುದು.

ಗುಂಡಿ ಮೂರರಿಂದ ನಾಲ್ಕು ಅಡಿ ಆಳವಿರಲಿ. ಬಾವಿ, ಬೋರ್‌ವೆಲ್, ಸಂಪಿನಿಂದ ಸಾಕಷ್ಟು ದೂರವಿರಲಿ. ಪ್ಲಾಸ್ಟಿಕ್ ಚೀಲ ಬೇಡ, ಹಳೆಯ ಹತ್ತಿಬಟ್ಟೆ ಸಾಕು. ಮೇಲೆ ಸುಣ್ಣ ಉದುರಿಸಿ, ಮಣ್ಣು ತುಳಿದು, ಭಾರದ ಕಲ್ಲು ಹೇರಿ. ಕಲ್ಲು ಹೇರದಿದ್ದರೆ ರಾತ್ರಿ ಬೀದಿನಾಯಿಗಳು ಕೆದರುತ್ತವೆ, ಬೆಳಿಗ್ಗೆ ಹೂವು ಇಡಲು ಹೋದ ಮಗು ಅದನ್ನು ನೋಡುತ್ತದೆ. ಕೋಲಾರ, ಚಿಕ್ಕಬಳ್ಳಾಪುರದ ಎಷ್ಟೋ ಕಡೆ ಎರಡು ಅಡಿಗೇ ಬಂಡೆ ಸಿಗುತ್ತದೆ. ಅಲ್ಲಿ ತೋಟದ ಮೂಲೆಯಲ್ಲೋ ಹೊಲದ ಬದುವಿನಲ್ಲೋ ಮಣ್ಣು ಆಳವಿರುವ ಜಾಗವನ್ನು ಮೊದಲೇ ನೋಡಿಟ್ಟುಕೊಳ್ಳಿ. ಹಸು, ಎಮ್ಮೆಗಾದರೆ ಜೆಸಿಬಿ ಕರೆಸಿ ಆರು ಅಡಿಯಾದರೂ ತೆಗೆಸಬೇಕು. ಊರಿನ ಬಾಡಿಗೆ ಮನೆಯಲ್ಲಿದ್ದು ಜಾಗವೇ ಇಲ್ಲದಿದ್ದರೆ ಪಾಲಿಕೆ ಅಥವಾ ನಗರಸಭೆಯ ಆರೋಗ್ಯ ವಿಭಾಗವನ್ನು ಕೇಳಿ. ಕೆರೆಗೆ, ಕಸದ ಗಾಡಿಗೆ ಎಸೆಯಬೇಡಿ. ಎಸೆದದ್ದನ್ನು ನೋಡಿದ ಮಗು ಅದನ್ನು ಮರೆಯುವುದಿಲ್ಲ.

ಇಲ್ಲಿ ಮಗುವಿಗೆ ಕೆಲಸ ಕೊಡಿ. ಒಂದು ಹಿಡಿ ಮಣ್ಣು ಹಾಕುವುದು, ಹೂವು ತರುವುದು, ಊದುಕಡ್ಡಿ ಹಚ್ಚುವುದು, ಕಲ್ಲಿನ ಮೇಲೆ ಸೀಮೆಸುಣ್ಣದಲ್ಲಿ ಹೆಸರು ಬರೆಯುವುದು. ನಮ್ಮ ಕಡೆ ಮನುಷ್ಯರು ಹೋದರೆ ಮೂರನೇ ದಿನ ಹಾಲು ತುಪ್ಪ ಬಿಡುತ್ತೇವಲ್ಲ, ಅದನ್ನು ನೋಡಿರುವ ಮಕ್ಕಳು ಎಷ್ಟೋ ಸಲ ತಾವಾಗಿಯೇ "ಕರಿಯನಿಗೂ ಬಿಡೋಣ" ಎನ್ನುತ್ತಾರೆ. ಬಿಡಲಿ. ನಾಯಿಗೆ ಯಾರಾದರೂ ಹಾಲು ತುಪ್ಪ ಬಿಡುತ್ತಾರಾ ಎಂದು ಹಿರಿಯರು ಗೊಣಗಿದರೆ ಅದು ಮಗುವಿನ ಸಮಾಧಾನಕ್ಕೆ ಎಂದು ಹೇಳಿ ಒಪ್ಪಿಸಿ. ಒಂದು ಲೋಟ ಹಾಲಿನಿಂದ ಯಾವ ಶಾಸ್ತ್ರವೂ ಕೆಡುವುದಿಲ್ಲ. ಬೇರೆ ಧರ್ಮದ ಮನೆಗಳಲ್ಲಿ ನಿಮ್ಮ ಪದ್ಧತಿಯ ಒಂದು ಚಿಕ್ಕ ಪ್ರಾರ್ಥನೆ ಇದೇ ಕೆಲಸ ಮಾಡುತ್ತದೆ.

5. "ನನ್ನಿಂದಲೇ ಸತ್ತಿತಾ?" ಎನ್ನುವುದನ್ನು ನೀವಾಗಿ ಕೇಳಿ

ಈ ಹಂತವನ್ನು ದೊಡ್ಡವರು ಹೆಚ್ಚಾಗಿ ಬಿಟ್ಟುಬಿಡುತ್ತಾರೆ, ಏಕೆಂದರೆ ಮಗು ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಗೇಟು ಹಾಕಲು ಮರೆತದ್ದು ಅವನೇ ಇರಬಹುದು. ಹಿಂದಿನ ದಿನ ಸಿಟ್ಟಿನಲ್ಲಿ "ನೀನು ಸಾಯಿ ಹೋಗು" ಎಂದು ಬೈದಿರಬಹುದು. ಚಾಕೊಲೇಟು ತಿನ್ನಿಸಿರಬಹುದು. ಸ್ನಾನ ಮಾಡಿಸಿದ್ದಕ್ಕೇ ಜ್ವರ ಬಂತು ಎಂದುಕೊಂಡಿರಬಹುದು. ಇಂಥದ್ದನ್ನು ಮಗು ಒಳಗೇ ಇಟ್ಟುಕೊಂಡು ಕೊರಗುತ್ತದೆ.

ಎರಡು ಮೂರು ದಿನ ಬಿಟ್ಟು, ಒಂಟಿಯಾಗಿರುವಾಗ, ಹೀಗೆ ಕೇಳಿ: "ಕೆಲವು ಮಕ್ಕಳಿಗೆ ತಮ್ಮಿಂದಲೇ ಹೀಗಾಯ್ತು ಅನ್ನಿಸುತ್ತೆ. ನಿನಗೂ ಹಾಗೇನಾದ್ರೂ ಅನ್ನಿಸ್ತಾ?" ತಪ್ಪು ಇಲ್ಲದಿದ್ದರೆ ಕಾರಣವನ್ನು ಬಿಡಿಸಿ ಹೇಳಿ. ಪಾರ್ವೊ ಎಂದರೆ ನಾಯಿಮರಿಗಳಿಗೆ ರಕ್ತಭೇದಿ ತರುವ ವೈರಸ್, ಅದು ಸ್ನಾನದಿಂದ ಬರುವುದಿಲ್ಲ. ಮಾತಿನಿಂದ ಯಾರೂ ಸಾಯುವುದಿಲ್ಲ. ಪಶುವೈದ್ಯರು ಚಿಕಿತ್ಸೆ ಕೊಟ್ಟಿದ್ದರೆ ಅವರ ಬಾಯಿಂದಲೇ ಎರಡು ಮಾತು ಹೇಳಿಸಿ, ಮಕ್ಕಳು ಡಾಕ್ಟರ ಮಾತನ್ನು ಬೇಗ ನಂಬುತ್ತಾರೆ.

ಗೇಟು ನಿಜವಾಗಿಯೂ ಮಗುವೇ ಬಿಟ್ಟಿದ್ದರೆ? "ಇಲ್ಲ ಇಲ್ಲ, ನೀನಲ್ಲ" ಎಂದು ಸುಳ್ಳು ಹೇಳಬೇಡಿ, ಅದಕ್ಕೆ ನಿಜ ಗೊತ್ತಿದೆ. "ಗೇಟು ತೆರೆದಿತ್ತು, ಹೌದು. ನೀನು ಮರೆತೆ. ಮರೆಯೋದು ಬೇರೆ, ಬೇಕು ಅಂತ ಮಾಡೋದು ಬೇರೆ. ದೊಡ್ಡವರು ನಾವೂ ನೋಡ್ಬೇಕಿತ್ತು. ಗೇಟು ನೋಡ್ಕೊಳ್ಳೋದು ನಿನ್ನೊಬ್ಬನ ಕೆಲಸ ಅಲ್ಲ" ಎನ್ನಿ. ಆಮೇಲೆ ಆ ವಿಷಯವನ್ನು ಮನೆಯಲ್ಲಿ ಯಾರೂ ಎತ್ತಿ ಆಡಬಾರದು. ಅಣ್ಣ ತಮ್ಮ ಜಗಳವಾಡುವಾಗ "ನಾಯಿ ಸಾಯಿಸಿದೋನು ನೀನೇ" ಎನ್ನುವ ಮಾತು ಬಂದರೆ ಅಲ್ಲೇ, ಆಗಲೇ ತಡೆಯಿರಿ.

6. ಮುಂದಿನ ವಾರಗಳು

ತಟ್ಟೆ, ಬೆಲ್ಟು, ಗೋಣಿಚೀಲದ ಹಾಸಿಗೆಯನ್ನು ಮಗು ಶಾಲೆಗೆ ಹೋದಾಗ ಮಾಯ ಮಾಡಬೇಡಿ. ಏನು ಇಟ್ಟುಕೊಳ್ಳುವುದು, ಏನು ತೆಗೆಯುವುದು ಎಂದು ಜೊತೆಯಲ್ಲೇ ಕೂತು ನಿರ್ಧರಿಸಿ. ರೋಗದಿಂದ ಸತ್ತಿದ್ದರೆ ಬಟ್ಟೆ, ಚೀಲಗಳನ್ನು ಸುಡಬೇಕಾಗುತ್ತದೆ. ಹಾಗಂತ ಹೇಳಿಯೇ ಸುಡಿ. ಫೋನಿನಲ್ಲಿರುವ ಫೋಟೊ ಅಳಿಸಬೇಡಿ, ಒಂದನ್ನು ಪ್ರಿಂಟ್ ಹಾಕಿಸಿ ಕೊಡಿ. ಬರೆಯುವ ವಯಸ್ಸಾಗಿದ್ದರೆ ಕರಿಯನಿಗೆ ಒಂದು ಕಾಗದ ಬರೆಯಲಿ, ಚಿಕ್ಕವರು ಚಿತ್ರ ಬಿಡಿಸಲಿ. ಚಿತ್ರದಲ್ಲಿ ಲಾರಿ, ರಕ್ತ ಬಂದರೆ ಗಾಬರಿಯಾಗಬೇಡಿ, ಮನಸ್ಸಿನಲ್ಲಿರುವುದು ಕಾಗದದ ಮೇಲೆ ಬರುತ್ತಿದೆ ಅಷ್ಟೇ.

ಕೆಲವು ಮಕ್ಕಳು ವಯಸ್ಸಿನಲ್ಲಿ ಹಿಂದಕ್ಕೆ ಹೋದಂತೆ ಆಡುತ್ತಾರೆ: ಹಾಸಿಗೆ ಒದ್ದೆ ಮಾಡುವುದು, ಬೆರಳು ಚೀಪುವುದು, ಅಮ್ಮನ ಸೆರಗು ಬಿಡದಿರುವುದು. ಬೈಯದಿದ್ದರೆ ಕೆಲವೇ ವಾರಗಳಲ್ಲಿ ತಾನಾಗಿ ನಿಲ್ಲುತ್ತದೆ. ಕ್ಲಾಸ್ ಟೀಚರಿಗೆ ಒಂದು ಮಾತು ತಿಳಿಸಿ. ಪರೀಕ್ಷೆ ಹತ್ತಿರವಿದ್ದರೂ ವಿಷಯ ಮುಚ್ಚಿಡುವುದಕ್ಕಿಂತ ಹೇಳಿ ಎರಡು ದಿನ ಓದು ಸಡಿಲಿಸುವುದು ಒಳ್ಳೆಯದು. ಎಸ್ಸೆಸ್ಸೆಲ್ಸಿ ಮಗಳಿಗೆ ಪರೀಕ್ಷೆ ಮುಗಿಯುವವರೆಗೂ ಹೇಳದಿದ್ದರೆ ಮುಂದೆ ಅವಳು ನೆನೆಯುವುದು ನೀವು ಮುಚ್ಚಿಟ್ಟದ್ದನ್ನೇ.

7. ಬೇರೆ ಥರದ ಅಗಲಿಕೆಗಳು

ದೇಹವೇ ಸಿಗದಿದ್ದರೆ: ದೇವರಾಯನದುರ್ಗದ ಕಾಡಂಚಿನ ಊರುಗಳಲ್ಲಿ, ಗುಡ್ಡದ ಪಕ್ಕದ ತೋಟದ ಮನೆಗಳಲ್ಲಿ ಚಿರತೆ ನಾಯಿಯನ್ನು ಹೊತ್ತೊಯ್ಯುವುದುಂಟು. ಮಗುವಿಗೆ ದುಃಖದ ಜೊತೆ ಭಯವೂ ಇರುತ್ತದೆ, ಆ ಭಯ ಸುಳ್ಳಲ್ಲ. ಆದ್ದರಿಂದ "ಹೆದರಬೇಡ" ಎನ್ನುವುದಕ್ಕಿಂತ ಅರಣ್ಯ ಇಲಾಖೆಗೆ ತಿಳಿಸಿದ್ದನ್ನು, ಅಂಗಳಕ್ಕೆ ದೀಪ ಹಾಕಿಸಿದ್ದನ್ನು, ಕೊಟ್ಟಿಗೆಗೆ ಬಾಗಿಲು ಮಾಡಿಸಿದ್ದನ್ನು ತೋರಿಸಿ. ಕತ್ತಲಾದ ಮೇಲೆ ಹೊರಗೆ ಹೋಗಬೇಕಾದರೆ ದೊಡ್ಡವರು ಜೊತೆಗೆ ಹೋಗಿ. ಹೂಳಲು ದೇಹವಿಲ್ಲದಿದ್ದರೂ ಬೆಲ್ಟನ್ನೋ ತಟ್ಟೆಯನ್ನೋ ಹೂತು ಕಲ್ಲಿಡಬಹುದು. ಕಾಣೆಯಾದ ಪ್ರಾಣಿಯಾದರೆ ಮಗುವಿನ ಜೊತೆಗೇ ಹುಡುಕಿ, ಅಕ್ಕಪಕ್ಕ ವಿಚಾರಿಸಿ, ಎಲ್ಲಿಗೆ ಹುಡುಕಾಟ ನಿಲ್ಲಿಸುವುದು ಎಂದು ಇಬ್ಬರೂ ಕೂತು ಮಾತಾಡಿ.

ದಯಾಮರಣ: ಗುಣವಾಗದ ನೋವಿನಲ್ಲಿರುವ ಪ್ರಾಣಿಗೆ ಪಶುವೈದ್ಯರು ಹೆಚ್ಚಿನ ಪ್ರಮಾಣದ ಅರಿವಳಿಕೆ ಕೊಟ್ಟು ನೋವಿಲ್ಲದೆ ಸಾವು ತರುವುದು. ಮಗುವಿಗೆ ಮೊದಲೇ ತಿಳಿಸಿ, ಬೀಳ್ಕೊಡಲು ಹೊತ್ತು ಕೊಡಿ. ನಿರ್ಧಾರದ ಭಾರವನ್ನು ಮಾತ್ರ ಅದರ ಮೇಲೆ ಹಾಕಬೇಡಿ: "ಸೂಜಿ ಹಾಕಿಸೋದಾ ಬೇಡ್ವಾ, ನೀನೇ ಹೇಳು" ಎಂದು ಮಗುವನ್ನು ಕೇಳಬಾರದು. ಆ ಔಷಧಿ ಮಕ್ಕಳಿಗೆ ಹಾಕುವ ಸೂಜಿಯಲ್ಲ ಎಂದೂ ಸ್ಪಷ್ಟವಾಗಿ ಹೇಳಿ. ಇಲ್ಲದಿದ್ದರೆ ಮುಂದಿನ ಲಸಿಕೆಗೆ ರಂಪ ಖಂಡಿತ.

ಮಾರಿದ, ಕೊಯ್ದ ಮೇಕೆ: ನಮ್ಮ ಜಿಲ್ಲೆಗಳಲ್ಲಿ ಇದನ್ನು ಬಿಟ್ಟು ಬರೆದರೆ ಲೇಖನ ಅರ್ಧವಾಗುತ್ತದೆ. ಊರಹಬ್ಬಕ್ಕೋ ವರ್ಷತೊಡಕಿಗೋ ಬಕ್ರೀದಿಗೋ ಎಂದು ತಂದ ಮರಿಯನ್ನು ಮಗು ಹೆಸರಿಟ್ಟು ಮುದ್ದು ಮಾಡಿರುತ್ತದೆ. ತಂದ ದಿನವೇ ಯಾವುದಕ್ಕೆ ತಂದದ್ದು ಎಂದು ಹೇಳಿಬಿಡಿ. ಕೊಯ್ಯುವ ಹೊತ್ತಿಗೆ ಮಗುವನ್ನು ನೆಂಟರ ಮನೆಗೆ ಕಳಿಸುವುದಾದರೆ ಯಾಕೆಂದು ಹೇಳಿ ಕಳಿಸಿ. ಅವತ್ತು ಊಟ ಬೇಡ ಎಂದರೆ ಬಲವಂತ ಬೇಡ. ತಟ್ಟೆಗೆ ಬಡಿಸಿ, ತಿಂದ ಮೇಲೆ "ಅದು ನಿನ್ನ ಮರೀನೇ" ಎಂದು ನಗುವ ದೊಡ್ಡವರಿದ್ದಾರೆ. ಮಗುವಿಗೆ ಇದಕ್ಕಿಂತ ದೊಡ್ಡ ದ್ರೋಹ ನನಗೆ ಗೊತ್ತಿಲ್ಲ. ಸಾಲಕ್ಕೋ ಮೇವಿಲ್ಲವೆಂದೋ ಹಸು ಮಾರುವಾಗಲೂ ಹೀಗೆಯೇ. ಗಾಡಿ ಬರುವ ಮೊದಲು ಕಾರಣ ಹೇಳಿ, ಒಂದು ಹಿಡಿ ಹುಲ್ಲು ತಿನ್ನಿಸಿ ಕಳಿಸಲು ಬಿಡಿ.

8. ಹೊಸ ಮರಿ ಯಾವಾಗ?

ಅಳು ನಿಲ್ಲಿಸಲೆಂದು ಮರುದಿನವೇ ತರಬೇಡಿ. ಹೊಸತೊಂದು ತಂದರೆ ಹಳೆಯದು ಮರೆಯುತ್ತದೆ ಎಂದು ನಾವೇ ಕಲಿಸಿಕೊಟ್ಟಂತಾಗುತ್ತದೆ. ಸತ್ತ ನಾಯಿಯ ವಿಷಯವನ್ನು ಮಗು ಅಳದೆ, ನಗುತ್ತಲೂ ಹೇಳುವಂತಾಗಿ, ತಾನಾಗಿ ಕೇಳಿದಾಗ ಯೋಚಿಸಿ.

ಪಾರ್ವೊದಿಂದ ಸತ್ತಿದ್ದರೆ ಇನ್ನೂ ಎಚ್ಚರ ಬೇಕು. ಆ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷದವರೆಗೂ ಉಳಿಯುತ್ತದೆ. ಸಾಮಾನ್ಯ ಫಿನಾಯಿಲ್ ಅದಕ್ಕೆ ಸಾಲದು. ನೆಲವನ್ನು ಚೆನ್ನಾಗಿ ತೊಳೆದು, ನೀರು ಬೆರೆಸಿದ ಬ್ಲೀಚಿಂಗ್ ದ್ರಾವಣ ಹಾಕಿ ಹತ್ತು ನಿಮಿಷ ಬಿಡಬೇಕು. ಲಸಿಕೆಗಳನ್ನು ಪೂರ್ತಿ ಹಾಕಿಸದ ಮರಿಯನ್ನು ಆ ಅಂಗಳಕ್ಕೆ ತಂದರೆ ಅದೇ ಮಗು ಎರಡನೇ ಸಾವನ್ನು ನೋಡಬೇಕಾಗುತ್ತದೆ. ಮೊದಲ ಲಸಿಕೆ ಆರರಿಂದ ಎಂಟು ವಾರಕ್ಕೆ, ಮುಂದಿನವು ಪಶುವೈದ್ಯರು ಹೇಳಿದಂತೆ. ರೇಬಿಸ್ ಲಸಿಕೆ ಬೇರೆ, ಅದು ಮೂರು ತಿಂಗಳಿಗೆ.

9. ಯಾವಾಗ ಡಾಕ್ಟರ ಹತ್ತಿರ ಹೋಗಬೇಕು

ದಿನ ಕಳೆದಂತೆ ದುಃಖ ಕಡಿಮೆಯಾಗುವ ಬದಲು ಹೆಚ್ಚುತ್ತಿದೆಯೇ? ತಿಂಗಳಾದರೂ ಊಟ, ನಿದ್ದೆ ಸರಿಹೋಗಿಲ್ಲವೇ, ಶಾಲೆಗೆ ಹೋಗಲು ಒಪ್ಪುತ್ತಿಲ್ಲವೇ, ಗೆಳೆಯರನ್ನು ಬಿಟ್ಟು ಒಬ್ಬನೇ ಕೂರುತ್ತಾನೆಯೇ? ಹಾಗಿದ್ದರೆ ಕಾಯಬೇಡಿ. "ನಾನೂ ಕರಿಯನ ಹತ್ತಿರ ಹೋಗ್ತೀನಿ" ಎಂದರೆ ಒಂದು ದಿನವೂ ಕಾಯಬೇಡಿ. ಚಿಕ್ಕ ಮಗು ಅರ್ಥ ತಿಳಿಯದೆ ಹೇಳಿರಬಹುದು, ಆದರೂ "ಹೋಗೋದು ಅಂದ್ರೆ ಹೇಗೆ?" ಎಂದು ಸಮಾಧಾನದಿಂದ ಕೇಳಿ, ಒಂಟಿಯಾಗಿ ಬಿಡದೆ ಸಹಾಯ ಪಡೆಯಿರಿ. ಇತ್ತೀಚೆಗೆ ಮನೆಯಲ್ಲಿ ಮನುಷ್ಯರ ಸಾವೂ ಆಗಿದ್ದರೆ ಆ ಹಳೆಯ ದುಃಖವೇ ಈಗ ನಾಯಿಯ ನೆಪದಲ್ಲಿ ಹೊರಬರುತ್ತಿರಬಹುದು.

ಟೆಲಿ ಮಾನಸ್ ಎನ್ನುವುದು ಸರ್ಕಾರದ ಉಚಿತ ಮಾನಸಿಕ ಆರೋಗ್ಯ ಸಹಾಯವಾಣಿ. ಸಂಖ್ಯೆ 14416, ದಿನದ 24 ಗಂಟೆಯೂ ಕನ್ನಡದಲ್ಲಿ ಮಾತಾಡಬಹುದು. ಮಕ್ಕಳ ಸಹಾಯವಾಣಿ 1098. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರೂ ಕಡೆಯ ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯಕೀಯ ವಿಭಾಗವನ್ನು ಕೇಳಿ. ಅವರು ಮುಂದಕ್ಕೆ ಕಳಿಸಿದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೆಂದೇ ಪ್ರತ್ಯೇಕ ವಿಭಾಗವಿದೆ. ಹೋಗುವಾಗ ಪ್ರಾಣಿ ಯಾವಾಗ, ಹೇಗೆ ಸತ್ತಿತು, ಮಗುವಿಗೆ ಯಾರು ಏನು ಹೇಳಿದರು, ಆಮೇಲೆ ಊಟ, ನಿದ್ದೆ, ಶಾಲೆಯಲ್ಲಿ ಏನು ಬದಲಾಯಿತು ಎನ್ನುವುದನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ಅದನ್ನು ಮಗುವಿನ ಎದುರಿಗೆ ಓದದೆ ಡಾಕ್ಟರ ಕೈಗೆ ಕೊಡಿ.